ಕೈಬೆರಳೇ ಕಣ್ಣಾಗಿ ಬ್ಯಾಟರಿ ಬದಲಿಸಿದ್ದು: ನನ್ನ ಅನುಭವ

ಕಣ್ಣು ಕಾಣದ ನಮ್ಮಲ್ಲಿ, ಓದುವ ಸಾಧನ ಕೊಳ್ಳುವಾಗ ಧ್ವನಿ ಹೇಗಿದೆ, ಎಷ್ಟು ಪುಸ್ತಕ ಹಿಡಿಸುತ್ತದೆ ಎಂದು ಕೇಳುವವರೇ ಹೆಚ್ಚು. ನಾನು ಮೊದಲು ಅದನ್ನು ಮಗುಚಿ ಬೆನ್ನು ಸವರಿ ನೋಡುತ್ತೇನೆ. ಉಗುರಿಗೆ ಸಿಗುವ ಮುಚ್ಚಳ ಇದೆಯೇ? ಜಾರಿಸಿದರೆ ಬ್ಯಾಟರಿ ಕೈಗೆ ಬರುತ್ತದೆಯೇ? ಧ್ವನಿಪುಸ್ತಕ ಕೇಳಿಸುವ ಡೈಸಿ ಪ್ಲೇಯರ್ ಆಗಲಿ, ಪರದೆಯ ಬರಹವನ್ನು ಉಬ್ಬು ಚುಕ್ಕೆಗಳಾಗಿ ಬೆರಳಿಗೆ ಕೊಡುವ ಬ್ರೈಲ್ ಡಿಸ್‌ಪ್ಲೇ ಆಗಲಿ, ಗುಂಡಿಗಳು ಗಟ್ಟಿಯಾಗಿದ್ದರೆ ಹತ್ತು ವರ್ಷ ಬಾಳುತ್ತದೆ. ಒಳಗಿನ ಲಿಥಿಯಂ ಅಯಾನ್ ಬ್ಯಾಟರಿ ಅಷ್ಟು ಬಾಳುವುದಿಲ್ಲ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವಷ್ಟರಲ್ಲಿ ಅದರ ಶಕ್ತಿ ಗಮನಕ್ಕೆ ಬರುವಷ್ಟು ಕುಗ್ಗಿರುತ್ತದೆ. ಬಳಸದೆ ಇಟ್ಟರೂ ಹಳತಾಗುತ್ತದೆ.

ನನ್ನ ಹಿಂದಿನ ಪ್ಲೇಯರಿನ ಬ್ಯಾಟರಿ ಒಳಗೇ ಅಂಟಿಕೊಂಡಿತ್ತು. ದುರಸ್ತಿಗೆ ಕಳಿಸಿದರೆ ವಾರಗಟ್ಟಲೆ ಬರಲಿಲ್ಲ. ಬಂದಾಗ ಒಳಮೆಮೊರಿಯಲ್ಲಿದ್ದ ಪುಸ್ತಕಗಳೂ ನಾನು ಇಟ್ಟ ಗುರುತುಗಳೂ ಅಳಿಸಿಹೋಗಿದ್ದವು. ಕಣ್ಣು ಕಾಣುವವರು ಅಷ್ಟು ದಿನ ಮುದ್ರಿತ ಪುಸ್ತಕ ಓದಿಕೊಳ್ಳಬಹುದು. ನನಗೆ ಓದೇ ನಿಂತುಹೋಗುತ್ತದೆ. ಆಮೇಲೆ ಕೊಂಡದ್ದು ಮುಚ್ಚಳ ತೆಗೆಯಬಹುದಾದ ಪ್ಲೇಯರು.

ಈಗಿನ ಪ್ಲೇಯರ್ ಹೇಳುವ ಚಾರ್ಜಿನ ಶೇಕಡಾವಾರು ಅರವತ್ತರಿಂದ ಒಮ್ಮೆಲೇ ಹತ್ತಕ್ಕೆ ಇಳಿಯತೊಡಗಿದಾಗ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ಗೊತ್ತಾಯಿತು. ಮೊದಲು ನೋಡಿದ್ದು ಉಬ್ಬಿದೆಯೇ ಎಂಬುದನ್ನು. ಹೊರತೆಗೆದು ಸಮತಟ್ಟಾದ ಮೇಜಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಚಪ್ಪಟೆ ಬ್ಯಾಟರಿಯಾದರೆ ತಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಹೊಟ್ಟೆ ಉಬ್ಬಿದ್ದರೆ ನಡುವಿನ ಮೇಲೆ ಗಿರ್ರನೆ ತಿರುಗುತ್ತದೆ. ನನ್ನದು ಅರ್ಧ ಸುತ್ತು ತಿರುಗಿತು. ಅಂಥದ್ದನ್ನು ಮತ್ತೆ ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಲೇಬಾರದು. ಒಳಗಿರುವುದು ಬೆಂಕಿ ಹೊತ್ತುವ ದ್ರವ. ಲೋಹದ ತುದಿಗಳಿಗೆ ಟೇಪ್ ಅಂಟಿಸಿ, ಸುಡುವ ವಸ್ತುಗಳಿಂದ ದೂರವಿಟ್ಟು, ಹೊಸದನ್ನು ಹಾಕಿದ ಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ.

ಹೊಸದನ್ನು ತರಿಸುವ ಮುನ್ನ ಹಳೆಯದರ ಚೀಟಿಯನ್ನು ಫೋನಿನ ಕ್ಯಾಮೆರಾದಿಂದ ಓದಿಸಿಕೊಂಡಿದ್ದೆ. 3.7 ವೋಲ್ಟ್ ಎಂದಿತ್ತು. ಇದು ತಾಳೆಯಾಗಲೇಬೇಕು. ಆಕಾರವೂ ಸಂಪರ್ಕದ ತುದಿಗಳ ಜಾಗವೂ ಅಷ್ಟೇ. ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬುದರ ಅಳತೆಯಾದ ಮಿಲಿಆಂಪ್ ಅವರ್ ಸ್ವಲ್ಪ ಹೆಚ್ಚಿದ್ದರೆ ತೊಂದರೆಯಿಲ್ಲ, ಹೆಚ್ಚು ಹೊತ್ತು ಓದಬಹುದು. ಆದರೆ ಅದೇ ಗಾತ್ರದಲ್ಲಿ ಎರಡರಷ್ಟು ಶಕ್ತಿ ಎಂದು ಬರೆದದ್ದನ್ನು ನಾನು ನಂಬುವುದಿಲ್ಲ. ಹಳೆಯದನ್ನು ಒಂದು ಕೈಯಲ್ಲಿ, ಹೊಸದನ್ನು ಇನ್ನೊಂದರಲ್ಲಿ ಹಿಡಿದು ತೂಗಿ ನೋಡುತ್ತೇನೆ. ಹೊಸದು ಎದ್ದು ತಿಳಿಯುವಷ್ಟು ಹಗುರವಾಗಿದ್ದರೆ ವಾಪಸ್ ಕಳಿಸುತ್ತೇನೆ.

ಹಾಕುವ ಕೆಲಸದಲ್ಲಿ ಕಷ್ಟವೇನೂ ಇಲ್ಲ, ಕ್ರಮ ಮುಖ್ಯ. ಹಳೆಯದನ್ನು ತೆಗೆಯುವ ಮೊದಲೇ ಪ್ಲೇಯರನ್ನು ನಿದ್ರೆಯಲ್ಲಿ ಬಿಡದೆ ಪೂರ್ತಿ ಆಫ್ ಮಾಡಿದ್ದೆ. ಮೆಮೊರಿ ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗ ಬ್ಯಾಟರಿ ಎಳೆದರೆ ಕಾರ್ಡ್ ಕೆಡಬಹುದು. ಅಂಚಿರುವ ತಟ್ಟೆಯಲ್ಲಿಟ್ಟುಕೊಂಡು ಕೆಲಸ ಮಾಡಿದೆ, ಬಿದ್ದದ್ದು ಅಲ್ಲೇ ಇರಲಿ ಎಂದು. ಬ್ಯಾಟರಿ ಕೂರುವ ಗೂಡಿನ ಒಂದು ಗೋಡೆಯಲ್ಲಿ ಸ್ಪ್ರಿಂಗಿನಂತೆ ಅದುಮಿಕೊಳ್ಳುವ ಮೂರು ಸಣ್ಣ ಹಲ್ಲುಗಳು ಬೆರಳಿಗೆ ಸಿಗುತ್ತವೆ. ಬ್ಯಾಟರಿಯ ಅಂಚಿನ ಮೂರು ನುಣುಪಾದ ಲೋಹದ ಪಟ್ಟಿಗಳು ಅವಕ್ಕೇ ಮುಖ ಮಾಡಬೇಕು. ಕೂಡು, ಕಳೆ ಗುರುತುಗಳು ಬರೀ ಮುದ್ರಿಸಿದವು, ಬೆರಳಿಗೆ ತಿಳಿಯುವುದಿಲ್ಲ. ಹಾಗಾಗಿ ಸರಿಯಾಗಿ ಕೂತ ಹಳೆಯ ಬ್ಯಾಟರಿಯನ್ನು ತೆಗೆಯುವ ಮೊದಲೇ ಅದರ ಮೇಲ್ಮುಖದ ಬಲಮೂಲೆಗೆ ಬ್ರೈಲ್ ಟೇಪಿನ ತುಂಡೊಂದನ್ನು ಅಂಟಿಸಿದ್ದೆ. ಎರಡನ್ನೂ ಪಕ್ಕದಲ್ಲಿಟ್ಟು ಮುಟ್ಟಿ ಹೋಲಿಸಿ, ಹೊಸದಕ್ಕೂ ಅದೇ ಮೂಲೆಗೆ ಅಂಟಿಸಿದೆ. ಪಟ್ಟಿಗಳ ಕಡೆಯನ್ನು ಮೊದಲು ಹಲ್ಲುಗಳಿಗೆ ಒತ್ತಿ, ಆಮೇಲೆ ಇನ್ನೊಂದು ತುದಿಯನ್ನು ಕೆಳಗೆ ಕೂರಿಸಿದೆ. ಬಲ ಹಾಕಬೇಕಾಗಿ ಬಂದರೆ ಎಲ್ಲೋ ತಿರುಗುಮುರುಗಾಗಿದೆ ಎಂದೇ ಅರ್ಥ. ಆನ್ ಮಾಡಿದಾಗ ಗಡಿಯಾರವನ್ನು ಹೊಸದಾಗಿ ಹೊಂದಿಸಬೇಕಾಯಿತು, ಅಷ್ಟೇ. ಪುಸ್ತಕಗಳು ಕಾರ್ಡಿನಲ್ಲಿ ಹಾಗೇ ಇದ್ದವು.

ಹೆಚ್ಚುವರಿ ಬ್ಯಾಟರಿ ಒಂದೇ ಇಟ್ಟುಕೊಂಡಿದ್ದೇನೆ, ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ. ವಿಮಾನದಲ್ಲಿ ಹೋಗುವಾಗ ಅದು ಕೈಚೀಲದಲ್ಲೇ ಇರಬೇಕು, ಕಳಿಸುವ ಸಾಮಾನಿನಲ್ಲಿ ಬಿಡುವುದಿಲ್ಲ.

ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಬಹುತೇಕ ಕೈಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು. ಬಿಸಿ ಮಾಡುವ, ದ್ರಾವಕ ಹಾಕಿ ಅಂಟು ಬಿಡಿಸುವ ಅಗತ್ಯ ಬೀಳಬಾರದು. ನನಗೆ ಇದು ನಿಜಕ್ಕೂ ಸಂತೋಷದ ಸುದ್ದಿ. ಆದರೆ ಬದಲಿಸುವ ವಿಧಾನವನ್ನು ಬರೀ ಚಿತ್ರದಲ್ಲಿ ತೋರಿಸಿದರೆ ನಮಗೆ ಏನೂ ತಿಳಿಯುವುದಿಲ್ಲ. ತಯಾರಕರಿಗೆ ಬರೆಯುವಾಗಲೆಲ್ಲ ನಾನು ಎರಡು ಕೇಳುತ್ತೇನೆ: ಬ್ಯಾಟರಿಯ ಒಂದು ಮೂಲೆಯಲ್ಲಿ ಬೆರಳಿಗೆ ಸಿಗುವ ಚುಕ್ಕೆ, ಮತ್ತು ಚಿತ್ರವಿಲ್ಲದೆಯೂ ಅರ್ಥವಾಗುವಂತೆ ಮಾತಿನಲ್ಲಿ ಬರೆದ ಸೂಚನೆ.