ಕ್ಲಾಟ್ ಮಾಕ್ ಟೆಸ್ಟ್: ಹಣ ಕಟ್ಟುವ ಮುನ್ನ ಅಳೆದು ನೋಡಿ

ದ್ವಿತೀಯ ಪಿಯುಸಿ ಓದುತ್ತಲೇ ಕಾನೂನು ಪದವಿಯ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ಗೆ ತಯಾರಾಗುವವರಿಗೆ ಮಾಕ್ ಟೆಸ್ಟ್‌ಗಳ (ಅಣಕು ಪರೀಕ್ಷೆಗಳ) ಜಾಹೀರಾತಿಗೇನೂ ಬರವಿಲ್ಲ. ಐವತ್ತು, ನೂರು ಎಂದು ಸಂಖ್ಯೆಯಲ್ಲೇ ಮರುಳು ಮಾಡುತ್ತಾರೆ. ನೂರು ಬರೆದು ಒಂದನ್ನೂ ತಿರುಗಿ ನೋಡದವರಿಗಿಂತ ಹದಿನೈದು ಬರೆದು ತಪ್ಪಿನ ಬೇರು ಹುಡುಕಿದವರಿಗೇ ಲಾಭ ಹೆಚ್ಚು. ಯಾವ ಹದಿನೈದು ಎಂಬುದೇ ಇಲ್ಲಿರುವ ಪ್ರಶ್ನೆ.

ಮೊದಲು ಅಸಲಿ ಪತ್ರಿಕೆ ಹಿಡಿಯಿರಿ. ಕ್ಲಾಟ್ ನಡೆಸುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. 2023ರ ಡಿಸೆಂಬರ್‌ನಲ್ಲಿ ನಡೆದ 2024ರ ಆವೃತ್ತಿಯಿಂದ ಈಚಿನವು ನಿಮ್ಮ ಅಳತೆಗೋಲು: 120 ಪ್ರಶ್ನೆ, 120 ನಿಮಿಷ, ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. 2020ರಿಂದ 2023ರ ಆವೃತ್ತಿಗಳಲ್ಲಿ ಇಷ್ಟೇ ಸಮಯಕ್ಕೆ 150 ಪ್ರಶ್ನೆಗಳಿದ್ದವು. ಧಾಟಿ ಈಗಿನದೇ ಆದ್ದರಿಂದ 150 ನಿಮಿಷ ಕೊಟ್ಟುಕೊಂಡು ಬಿಡಿಸಬಹುದು. 2019 ಮತ್ತು ಅದಕ್ಕೂ ಹಿಂದಿನ 200 ಪ್ರಶ್ನೆಗಳ ಪತ್ರಿಕೆಗಳ ಜಾಡೇ ಬೇರೆ. ಅವುಗಳನ್ನು ಮಾಕ್ ಎಂದು ಬರೆಯಬೇಡಿ. ತೀರಾ ಇತ್ತೀಚಿನ ಒಂದು ಅಸಲಿ ಪತ್ರಿಕೆಯನ್ನು ಮಾತ್ರ ಮುಟ್ಟದೆ ಎತ್ತಿಡಿ.

ಇನ್ನು ಮಾರಾಟಕ್ಕಿರುವ ಮಾಕ್ ಸರಣಿಗಳು. ಬಹುತೇಕ ಎಲ್ಲರೂ ಒಂದು ಮಾಕ್ ಉಚಿತವಾಗಿ ಕೊಡುತ್ತಾರೆ. ಅದನ್ನು ತೆರೆದು ನೇರವಾಗಿ ಕಾನೂನು ತಾರ್ಕಿಕತೆಯ ವಿಭಾಗಕ್ಕೆ ಹೋಗಿ. ಕಳಪೆ ಸರಣಿ ಸಿಕ್ಕಿಬೀಳುವುದೇ ಅಲ್ಲಿ. ಅಪ್ರಾಪ್ತರು ಮಾಡಿಕೊಂಡ ಒಪ್ಪಂದಕ್ಕೆ ಕಾನೂನಿನ ಬೆಲೆಯಿಲ್ಲ ಎಂದು ವಿವರಿಸುವ ಗದ್ಯಭಾಗವಿದೆ ಎಂದುಕೊಳ್ಳಿ. ಈ ನಿಯಮ ಸಾರಿದ ಹಳೆಯ ತೀರ್ಪಿನ ಬಗ್ಗೆ ‘ಮೊಹೊರಿ ಬೀಬಿ ಪ್ರಕರಣದ ತೀರ್ಪು ಬಂದ ವರ್ಷ ಯಾವುದು?’ ಎಂದು ಕೇಳಿದ್ದರೆ ಆ ಸರಣಿಯನ್ನು ಅಲ್ಲೇ ಬಿಡಿ. 1903 ಎಂಬ ಉತ್ತರ ಬಾಯಿಪಾಠದ ಫಲ, ತರ್ಕದ್ದಲ್ಲ. ಹದಿನೇಳರ ಹುಡುಗನೊಬ್ಬ ವಯಸ್ಸು ಮುಚ್ಚಿಟ್ಟು ಬೈಕ್ ಮಾರಲು ಮುಂಗಡ ಪಡೆದ, ಆಮೇಲೆ ಒಲ್ಲೆ ಎಂದ. ಗದ್ಯಭಾಗದಲ್ಲಿರುವ ನಿಯಮದಂತೆ ಕೊಳ್ಳುವವನು ಬೈಕ್ ಕೊಡಲೇಬೇಕೆಂದು ಒತ್ತಾಯಿಸಬಹುದೇ? ಹೀಗೆ ಕೇಳಿದ್ದರೆ ಪ್ರಶ್ನೆ ತಯಾರಿಸಿದವರಿಗೆ ಪರೀಕ್ಷೆ ಗೊತ್ತಿದೆ ಎಂದರ್ಥ. ಕ್ಲಾಟ್‌ಗೆ ಕಾನೂನಿನ ಪೂರ್ವಜ್ಞಾನ ಬೇಕಿಲ್ಲ. ಕೊಟ್ಟ ನಿಯಮವನ್ನು ಹೊಸ ಸಂದರ್ಭಕ್ಕೆ ಹಚ್ಚಲು ಬಂದರೆ ಸಾಕು.

ಆಮೇಲೆ ವಿವರಣೆಗಳನ್ನು ಓದಿ. ‘ಸರಿಯುತ್ತರ ಬಿ’ ಎಂದಷ್ಟೇ ಬರೆದ ವಿವರಣೆಗೆ ದುಡ್ಡು ಕೊಡುವುದು ದಂಡ. ಉಳಿದ ಮೂರು ಆಯ್ಕೆಗಳು ಏಕೆ ತಪ್ಪು, ಗದ್ಯಭಾಗದ ಯಾವ ಸಾಲು ಅವುಗಳನ್ನು ತಳ್ಳಿಹಾಕುತ್ತದೆ ಎಂದು ತೋರಿಸಿರಬೇಕು. ಕೀ ಉತ್ತರವೇ ದೇವವಾಕ್ಯವೆಂದೂ ನಂಬಬೇಕಿಲ್ಲ. 2025ರ ಕ್ಲಾಟ್‌ನ ಅಧಿಕೃತ ಕೀ ಉತ್ತರಗಳಲ್ಲೇ ದೋಷಗಳಿವೆ ಎಂದು ದೆಹಲಿ ಹೈಕೋರ್ಟ್ ಹೇಳಿತ್ತು. ಖಾಸಗಿ ಸರಣಿಗಳ ಕೀ ಉತ್ತರಗಳನ್ನು ಅನುಮಾನಿಸುವುದು ತಪ್ಪೇನಲ್ಲ.

ಪ್ರಚಲಿತ ವಿದ್ಯಮಾನಗಳ ಪಾಲು ಸುಮಾರು ಕಾಲುಭಾಗ. ಕಳೆದ ವರ್ಷದ ಸರಣಿ ಅಗ್ಗಕ್ಕೆ ಸಿಕ್ಕರೂ ಈ ಭಾಗ ಹಳಸಿರುತ್ತದೆ. ಇಂಗ್ಲಿಷ್, ತರ್ಕ, ಗಣಿತಕ್ಕೆ ಹಳೆಯದು ನಡೆಯುತ್ತದೆ. ಗಣಿತವಂತೂ ಹತ್ತನೇ ತರಗತಿಯ ಮಟ್ಟದ್ದು. ಅದಕ್ಕಾಗಿಯೇ ಬೇರೆ ಸರಣಿ ಕೊಳ್ಳುವ ಅಗತ್ಯವಿಲ್ಲ.

ಮುದ್ರಿತ ಪತ್ರಿಕೆ, ಒಎಂಆರ್ ಹಾಳೆ ಕೊಡುವ ಸರಣಿ ಸಿಕ್ಕರೆ ಅದನ್ನೇ ಆರಿಸಿ. ಪರೀಕ್ಷೆ ಕಾಗದದ ಮೇಲೆ ನಡೆಯುತ್ತದೆ. ವೃತ್ತ ತುಂಬುವುದಕ್ಕೆ ಹಿಡಿಯುವ ಸಮಯ ಮೊಬೈಲ್ ಪರದೆಯಲ್ಲಿ ಗೊತ್ತೇ ಆಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸರಣಿಯ ಆಯ್ಕೆ ಇನ್ನೂ ಮುಖ್ಯ, ಏಕೆಂದರೆ ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಅವರು ಶುರುವಿನಲ್ಲಿ ಪೂರ್ಣ ಮಾಕ್‌ಗಳ ಬದಲು ವಿಭಾಗವಾರು ಪರೀಕ್ಷೆಗಳಿರುವ ಸರಣಿ ಕೊಂಡು, 450 ಪದಗಳ ಗದ್ಯಭಾಗ ಓದುವ ವೇಗ ಕುದುರಿದ ಮೇಲೆ ಪೂರ್ಣ ಪತ್ರಿಕೆಗೆ ಹೋಗುವುದು ಲೇಸು.

ನಾಲ್ಕೈದು ಮಾಕ್ ಆದ ಮೇಲೆ, ಎತ್ತಿಟ್ಟ ಅಸಲಿ ಪತ್ರಿಕೆಯನ್ನು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕುಳಿತು ಬರೆಯಿರಿ. ನೂರು ಪ್ರಶ್ನೆ ಮುಟ್ಟಿ 76 ಸರಿ, 24 ತಪ್ಪಾಗಿದ್ದರೆ ಕೈಗೆ ಬರುವುದು 70. ಮಾಕ್‌ಗಳಲ್ಲಿ ಸತತವಾಗಿ 50ರ ಆಸುಪಾಸಿನಲ್ಲೇ ಇದ್ದಿದ್ದರೆ ಸರಣಿ ಬೇಕೆಂದೇ ಕಠಿಣವಾಗಿದೆ. 90 ಬರುತ್ತಿದ್ದರೆ ನಿಮ್ಮನ್ನು ಹೊಗಳಿ ಹೊನ್ನಶೂಲಕ್ಕೇರಿಸುತ್ತಿದೆ. ಎರಡೂ ಸಂದರ್ಭದಲ್ಲಿ ಸರಣಿ ಬದಲಿಸಿ. ಅಲ್ಲಿ ತೋರಿಸುವ ‘ಅಖಿಲ ಭಾರತ ರ‍್ಯಾಂಕ್’ ಆ ಸರಣಿ ಕೊಂಡವರ ನಡುವಿನ ಸ್ಥಾನವಷ್ಟೆ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಮೇಲೂ ಕಣ್ಣಿದ್ದರೆ ಅದರದೇ ಪ್ರತ್ಯೇಕ ಪ್ರವೇಶ ಪರೀಕ್ಷೆಯಾದ ಐಲೆಟ್‌ಗೆ ಕ್ಲಾಟ್ ಮಾಕ್‌ಗಳು ಸಾಲವು. ಅಲ್ಲಿ ಎರಡು ಗಂಟೆಗೆ 150 ಪ್ರಶ್ನೆ, ಅದರಲ್ಲಿ 70 ತರ್ಕದವೇ. ಅದಕ್ಕೆ ಎರಡು-ಮೂರು ಪ್ರತ್ಯೇಕ ಮಾಕ್ ತೆಗೆದುಕೊಳ್ಳಿ.