ಕೀ ಕೊಡೋ ವಾಚು, ಸೋಮವಾರದ ಹರಾಜು

ನಮ್ಮ ಮನೆಯಲ್ಲಿ ಸೋಮವಾರ ಬೆಳಗ್ಗೆ ಆರರಿಂದ ಏಳರವರೆಗೆ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಭಾನುವಾರ ರಾತ್ರಿ. ಊಟ ಮುಗಿಸಿದವರು ಫೋನ್ ಹಿಡಿದು ಕೂತಿರುತ್ತಾರೆ. ಇಂಟರ್‌ನೆಟ್‌ನಲ್ಲಿ ನಾನಿಡುವ ವಾರದ ಮೂರ್ನಾಲ್ಕು ಹರಾಜು ಮುಗಿಯುವುದು ಅದೇ ಗಂಟೆಯಲ್ಲಿ. ಮಾರುವ ಸಾಮಾನು ಹಳೇ ಎಚ್‌ಎಂಟಿ ವಾಚು, ಅದರಲ್ಲೂ ಕೀ ಕೊಡುವಂಥವು. ಮನೆ ಬಾಡಿಗೆ, ಮಗಳ ಫೀಸು ಎಲ್ಲ ಇದರಿಂದಲೇ ನಡೆದಿದೆ.

ಮೊದಲು ತುಮಕೂರಿನಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿದಾಗ ಊರಲ್ಲೆಲ್ಲ ಅದೇ ಮಾತು. ಇಲ್ಲಿನ ಕಾರ್ಖಾನೆಯ ಜಾಗ ಆಮೇಲೆ ಇಸ್ರೋಗೆ ಹೋಯಿತು. ವಾಚುಗಳು ಮಾತ್ರ ಮನೆಮನೆಯ ಬೀರುವಿನಲ್ಲಿ ಉಳಿದವು. ಫೋನ್ ರಿಪೇರಿಗೆ ಬಂದ ನಿವೃತ್ತರೊಬ್ಬರು ನಿಂತುಹೋದ ಎಚ್‌ಎಂಟಿ ಜನತಾ ಮಾಡೆಲ್ ವಾಚೊಂದನ್ನು ಕೌಂಟರಿನ ಮೇಲಿಟ್ಟು, ‘ಇದನ್ನೂ ಇಟ್ಕೊಳಪ್ಪ, ನೂರು ರೂಪಾಯಿ ಕೊಡು’ ಅಂದರು. ಅದನ್ನು ಇಬೇ ಇಂಡಿಯಾ ಅನ್ನುವ ಆನ್‌ಲೈನ್ ಮಾರಾಟ ತಾಣದಲ್ಲಿ ಹಾಕಿದೆ. ಒಂಬೈನೂರಕ್ಕೆ ಹೋಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ಇಬೇ ಇಂಡಿಯಾ ಬಾಗಿಲು ಹಾಕಿತು. ನಾನು ಇಬೇಯ ಅಮೆರಿಕದ ತಾಣಕ್ಕೆ ಹೊರಳಿಕೊಂಡೆ.

ಮೊದಲ ವರ್ಷ ಮಾಡಿದ ದಡ್ಡತನ ಹೇಳಬೇಕು. ಕೊಳೆಯಾದ ವಾಚು ಯಾರು ತಗೋತಾರೆ ಅಂತ, ಬಂದದ್ದನ್ನೆಲ್ಲ ಬಫ್ ಹಾಕಿಸಿ ಕನ್ನಡಿ ಥರ ಮಾಡಿಸುತ್ತಿದ್ದೆ. ಕಂದಿದ ಡಯಲ್ ತೆಗೆಸಿ ಹೊಸ ಬಣ್ಣದ ಡಯಲ್ ಹಾಕಿಸುತ್ತಿದ್ದೆ. ಒಂದಕ್ಕೆ ನವಿಲು ನೀಲಿ, ಇನ್ನೊಂದಕ್ಕೆ ಕಿತ್ತಳೆ. ಫೋಟೊದಲ್ಲಿ ಮದುವೆ ಮನೆ ಹಾಗೆ ಕಾಣುತ್ತಿದ್ದವು. ಹದಿನೈದು ಡಾಲರ್ ದಾಟುತ್ತಿರಲಿಲ್ಲ. ಕೊನೆಗೆ ಇಂಗ್ಲೆಂಡಿನ ಗಿರಾಕಿಯೊಬ್ಬ ಬರೆದ: ನಿನ್ನ ವಾಚುಗಳೆಲ್ಲ ‘ಮುಂಬೈ ಸ್ಪೆಷಲ್’, ಅಸಲಿ ಡಯಲ್ ಇರುವುದು ಸಿಕ್ಕರೆ ಹೇಳು. ಹಳೇ ಮಷಿನ್‌ಗೆ ಹೊಸ ಡಯಲ್ ಬಳಿದು ಮಾರುವ ಮಾಲಿಗೆ ವಿದೇಶದ ಸಂಗ್ರಾಹಕರು ಇಟ್ಟ ಅಡ್ಡಹೆಸರು ಅದು ಅಂತ ಆಗ ಗೊತ್ತಾಯಿತು.

ಆಮೇಲೆ ತೊಳೆಯುವುದನ್ನೇ ಬಿಟ್ಟೆ. ಒಳಗಿನ ಮಷಿನ್ ಸರ್ವಿಸ್ ಮಾಡಿಸುತ್ತೇನೆ, ಹೊರಗೆ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ, ಅಷ್ಟೇ. ಡಯಲ್ ಮೇಲಿನ ಚಹಾ ಬಣ್ಣದ ಕಲೆಯನ್ನು ಹತ್ತಿರದಿಂದ ಫೋಟೊ ತೆಗೆದು ಮೊದಲ ಚಿತ್ರವಾಗಿ ಹಾಕುತ್ತೇನೆ. ‘ಕೊಳೆ ಮಾರಿ ಸಂಸಾರ ಮಾಡೋರು ಇಡೀ ತುಮಕೂರಿಗೆ ನೀವೊಬ್ರೇ’ ಅನ್ನುತ್ತಾಳೆ ಹೆಂಡತಿ.

ಅಸಲಿ ಯಾವುದು ಅಂತ ಕಲಿಸಿದವರು ವಾಚ್ ರಿಪೇರಿ ತಾತ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ತೆಗೆಯುವ ಮೊದಲೇ ಡಯಲ್ ನೋಡಿ ಹೇಳುತ್ತಾರೆ: ‘ಇದು ಬಳಿದಿದ್ದು ಕಣಪ್ಪ. ಅಕ್ಷರದ ಅಂಚು ನೋಡು, ಮಸಿ ಹಬ್ಬಿದೆ. ನಿಮಿಷದ ಗೆರೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.’ ಕಾರ್ಖಾನೆಯ ಅಚ್ಚಿನಲ್ಲಿ, ಏಟು ತಡೆಯುವ ಮಷಿನ್ ಅಂತ ಸೂಚಿಸುವ ‘ಪ್ಯಾರಾಶಾಕ್’ ಎಂಬ ಸಣ್ಣ ಅಕ್ಷರ ಕೂಡ ಕೂದಲಷ್ಟು ಚೂಪಾಗಿರುತ್ತದೆ. ಆಮೇಲೆ ಮುಚ್ಚಳ ಬಿಚ್ಚಿ ಎರಡು ಸುತ್ತು ಕೀ ಕೊಟ್ಟು ಕಿವಿಗೆ ಹಿಡಿಯುತ್ತಾರೆ. ಟಿಕ್-ಟಿಕ್ ಲಯ ಹಿಡಿದಿಡುವ ಬ್ಯಾಲೆನ್ಸ್ ವೀಲ್ ಕುಂಟುತ್ತಿದ್ದರೆ ಮುಖ ಹುಳ್ಳಗೆ ಮಾಡುತ್ತಾರೆ. ಆ ಮುಖ ನೋಡಿಯೇ ನಾನು ಬೆಲೆ ಇಳಿಸಿ ಕೇಳುವುದು.

ಹರಾಜು ನನಗೆ ಹೊಸದಲ್ಲ. ತಿಪಟೂರು ಕಡೆಯವನು, ಅಪ್ಪನ ಜೊತೆ ಕೊಬ್ಬರಿ ಮಾರುಕಟ್ಟೆಗೆ ಹೋಗಿ ಬಂದವನು. ಕೊಳ್ಳುವವರು ಇಬ್ಬರಾದರೂ ಪಟ್ಟು ಹಿಡಿಯದಿದ್ದರೆ ರೇಟು ಏಳುವುದಿಲ್ಲ ಅಂತ ಅಲ್ಲೇ ನೋಡಿದ್ದೆ. ಇಲ್ಲೂ ಅದೇ. ಒಬ್ಬ ಗಿರಾಕಿ ನೂರು ಡಾಲರ್ ತನಕ ಹೋಗುತ್ತೇನೆ ಅಂತ ತಾಣದಲ್ಲಿ ಗುಟ್ಟಾಗಿ ಬರೆದಿಟ್ಟಿರಬಹುದು, ಬೇಕಾದಷ್ಟನ್ನೇ ತಾಣ ಅವನ ಪರವಾಗಿ ಏರಿಸುತ್ತದೆ. ಎರಡನೆಯವನು ಇಪ್ಪತ್ತಕ್ಕೆ ನಿಂತರೆ ಇಪ್ಪತ್ತರ ಮೇಲೆ ಒಂದು ಮೆಟ್ಟಿಲಿಗೇ ಅವನಿಗೆ ಮಾಲು ಸಿಗುತ್ತದೆ. ಇದು ತಿಳಿಯದೆ ಎಚ್‌ಎಂಟಿ ಪೈಲಟ್ ಮಾಡೆಲ್‌ನ ಒಳ್ಳೇ ವಾಚೊಂದನ್ನು 99 ಸೆಂಟ್‌ನಿಂದ ಶುರುಮಾಡಿ, ಮುಗಿಯುವ ಹೊತ್ತನ್ನು ನಮ್ಮ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಇಟ್ಟಿದ್ದೆ. ಅಲ್ಲಿ ಆಗ ನಡುರಾತ್ರಿ. ಏಳು ಡಾಲರ್‌ಗೆ ಹೋಯಿತು. ಮಾತು ಮಾತೇ ಅಂತ ಕಳಿಸಿಕೊಟ್ಟೆ. ಈಗ ಅಸಲು ಹುಟ್ಟುವಷ್ಟಕ್ಕೆ ಶುರುಮಾಡುತ್ತೇನೆ, ಏಳು ದಿನದ ಹರಾಜು. ಆರೂವರೆ ದಿನ ಮಲಗಿದ್ದ ರೇಟು ಕೊನೆಯ ಹತ್ತು ಸೆಕೆಂಡಿನಲ್ಲಿ ದುಪ್ಪಟ್ಟಾದದ್ದೂ ಉಂಟು.

ಲೆಕ್ಕ ಕೇಳುವವರಿಗೆ ಒಂದು ವಾಚಿನದು ಹೇಳುತ್ತೇನೆ. 52 ಡಾಲರ್‌ಗೆ ಹೋದ ಜನತಾ. ತಾಣದ ಕಮಿಷನ್, ಹಣ ಬದಲಾವಣೆಯ ಕಡಿತ ಕಳೆದು ಕೈಗೆ ಬಂದದ್ದು ಸುಮಾರು ₹3,700. ಕೊಂಡದ್ದು 600, ತಾತನಿಗೆ 400, ಅಂಚೆಗೆ 650, ಡಬ್ಬಿ-ಸ್ಪಂಜು-ಟೇಪಿಗೆ 50. ಉಳಿದದ್ದು ಎರಡು ಸಾವಿರ. ತಿಂಗಳಿಗೆ ಹನ್ನೆರಡು, ಹದಿನಾಲ್ಕು ಹೋದರೆ ಒಳ್ಳೇ ತಿಂಗಳು. ಆದರೆ ಒಂದು ವಾಪಸ್ ಬಂದರೆ ಎರಡರ ಲಾಭ ಮುಳುಗುತ್ತದೆ. ದಾರಿಯಲ್ಲಿ ಸೆಕೆಂಡ್ ಮುಳ್ಳು ಕಳಚಿ ಗ್ಲಾಸಿನೊಳಗೆ ಓಡಾಡುತ್ತಿದ್ದ ವಾಚೊಂದಕ್ಕೆ ಪೂರ್ತಿ ದುಡ್ಡು ಹಿಂದಿರುಗಿಸಿದ್ದೇನೆ.

ಕಾಗದಪತ್ರ ಹೆದರುವಷ್ಟಿಲ್ಲ. ರಫ್ತಿಗೆ ಐಇಸಿ, ಅಂದರೆ ಆಮದು-ರಫ್ತುದಾರರ ನಂಬರ್ ಬೇಕು, ಜಿಎಸ್‌ಟಿ ನೋಂದಣಿ ಬೇಕು, ವರ್ಷಕ್ಕೊಮ್ಮೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಕೊಟ್ಟರೆ ತೆರಿಗೆ ಕಟ್ಟದೆ ಕಳಿಸಬಹುದು. ನೂರು ವರ್ಷ ದಾಟಿದ ಪುರಾತನ ವಸ್ತು ಮಾತ್ರ ಮುಟ್ಟಬೇಡಿ. 1972ರ ಕಾಯ್ದೆ ಪ್ರಕಾರ ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಕಂಚಿನ ವಿಗ್ರಹ ಹಿಡಿದು ಬಂದವರನ್ನು ಬಾಗಿಲಲ್ಲೇ ಕೈಮುಗಿದು ಕಳಿಸಿದ್ದೇನೆ.

ದೊಡ್ಡ ಏಟು ಬಿದ್ದದ್ದು 2025ರ ಆಗಸ್ಟ್‌ನಲ್ಲಿ. 800 ಡಾಲರ್ ತನಕದ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ ತೆಗೆದುಹಾಕಿತು. ಅಲ್ಲಿಗೆ ನಮ್ಮ ಅಂಚೆ ಪಾರ್ಸೆಲ್ ಅಕ್ಟೋಬರ್ ಮಧ್ಯದವರೆಗೂ ನಿಂತಿತು. ಆ ಹಬ್ಬದ ತಿಂಗಳುಗಳಲ್ಲಿ ಜರ್ಮನಿ, ಆಸ್ಟ್ರೇಲಿಯಾದ ಗಿರಾಕಿಗಳೇ ಮನೆ ನಡೆಸಿದರು. ಈಗ ಅಮೆರಿಕದ ಗಿರಾಕಿಗೆ ಸುಂಕದ ವಿಷಯ ಮೊದಲೇ ಬರೆದು ಹಾಕುತ್ತೇನೆ.

ಈ ವಾರ ಹರಾಜಿಗಿಟ್ಟಿರುವುದರಲ್ಲಿ ಒಂದು ಜನತಾದ ಬೆನ್ನ ಮೇಲೆ ಯಾರೋ ಕೈಯಲ್ಲೇ ಕೊರೆದಿದ್ದಾರೆ: ‘ಮದುವೆ ಉಡುಗೊರೆ’. ಮುಂಚಿನ ನಾನಾಗಿದ್ದರೆ ಬಫ್ ಹಾಕಿಸಿ ಅಳಿಸುತ್ತಿದ್ದೆ, ಅಂಥ ಮೂರ್ನಾಲ್ಕನ್ನು ಅಳಿಸಿದ್ದೇನೆ ಕೂಡ. ಈ ಅಕ್ಷರ ಏನು, ಯಾರು ಯಾರಿಗೆ ಕೊಟ್ಟದ್ದು ಅಂತ ಕೆನಡಾದಿಂದ ಒಬ್ಬರು ಕೇಳಿದರು. ಹೆಣ್ಣಿನ ಮನೆಯವರು ಅಳಿಯನಿಗೆ ವಾಚು ಕಟ್ಟುವ ರೂಢಿ ನಮ್ಮಲ್ಲಿತ್ತು, ಹಾಗಿರಬಹುದು ಅಂತ ಬರೆದೆ. ಮೂವತ್ತೊಂದು ಡಾಲರ್‌ಗೆ ನಿಂತಿದೆ, ಇನ್ನೂ ಎರಡು ದಿನ ಇದೆ. ಎಷ್ಟಕ್ಕೆ ಹೋಯ್ತು ಅಂತ ತಾತನಿಗೆ ಫೋನ್ ಮಾಡಬೇಕಂತೆ, ಏಳೂವರೆ ಮೇಲೆ, ಅವರ ವಾಕಿಂಗ್ ಮುಗಿದ ಮೇಲೆ.