ಕತ್ತರಿಗೆ ಮುಂಚೆ ತಕ್ಕಡಿ

ಕೂಸಿನ ನಾಲಿಗೆಯಡಿ ಅದನ್ನು ಕೆಳಕ್ಕೆ ಬಿಗಿಯುವ ನಾರು (ಟಂಗ್ ಟೈ) ಕಂಡ ಕೂಡಲೇ ಬಿಡಿಸಲು ಕತ್ತರಿ ಎತ್ತಿಕೊಳ್ಳುವ ವೈದ್ಯರು ಒಂದು ಕಡೆ. ‘ದೊಡ್ಡದಾದ ಮೇಲೆ ತಾನೇ ಸರಿಹೋಗುತ್ತೆ, ಹೋಗಿ’ ಎಂದು ಕಳಿಸಿಬಿಡುವವರು ಇನ್ನೊಂದು ಕಡೆ. ನಾಲಿಗೆಗೆ ಅಂಕ ಹಾಕಿ, ಹಾಲು ಕುಡಿಸುವ ಕ್ರಮ ತಿದ್ದಿ, ಕೂಸನ್ನು ತೂಗಿ, ಕತ್ತರಿ ಬೇಕೇ ಎಂದು ಐದನೇ ದಿನ ತೀರ್ಮಾನಿಸುವ ನನ್ನ ಐದು ದಿನದ ಲೆಕ್ಕ ಇಬ್ಬರಿಗೂ ಹಿಡಿಸಿರಲಿಲ್ಲ. ಮೊದಲಿನವರು ‘ಐದು ದಿನ ಕಾಯಿಸಿದರೆ ತಾಯಿ ಡಬ್ಬಿ ಹಾಲಿಗೆ ಹೋಗಿಬಿಡ್ತಾಳೆ’ ಅಂದರು. ಎರಡನೆಯವರು ‘ಇಷ್ಟೆಲ್ಲ ತೂಗಿ ಬರೆಯೋಕೆ ಓಪಿಡಿಯಲ್ಲಿ ಯಾರಿಗೆ ಪುರುಸೊತ್ತು’ ಅಂದರು. ಈಗ ಎರಡೂ ಕಡೆಯವರ ಮೇಜಿನ ಮೇಲೆ ಆ ಲೆಕ್ಕ ಬರೆಯುವ ನನ್ನ ಹಾಳೆಯ ಜೆರಾಕ್ಸ್ ಇದೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ನೆನಪಿನಿಂದ ಹೇಳುವುದಾದರೆ, ‘ನಾಲಿಗೆ ಕಟ್ಟಿದೆ’ ಎಂದು ಬರುವ ಹತ್ತು ಕೂಸುಗಳಲ್ಲಿ ಆರೇಳಕ್ಕೆ ಕತ್ತರಿ ಬೇಕಾಗುವುದಿಲ್ಲ. ಒಂದಕ್ಕೆ ಅದೇ ದಿನ ಬೇಕಾಗುತ್ತದೆ. ಉಳಿದವುಗಳ ತೀರ್ಮಾನ ಐದನೇ ದಿನ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರಲ್ಲಿ ಹೊರಡಿಸಿದ ವರದಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ನಾರಿನ ಲಕ್ಷಣ ಇರುವ ಕೂಸುಗಳಲ್ಲಿ ಅರ್ಧಕ್ಕಿಂತ ಕಡಿಮೆಗೆ ಮಾತ್ರ ಹಾಲು ಕುಡಿಯುವ ತೊಂದರೆ. ನಾರು ಇದೆಯೇ ಎಂಬುದಲ್ಲ ಪ್ರಶ್ನೆ. ಈ ತಾಯಿಯ ನೋವಿಗೆ, ಈ ಕೂಸಿನ ತೂಕಕ್ಕೆ ನಾರು ಕಾರಣವೇ ಎಂಬುದು ಪ್ರಶ್ನೆ.

ಬಾಯಿ ನೋಡುವ ಮುಂಚೆ ಒಂದು ಸಲ ಪೂರ್ತಿ ಹಾಲು ಕುಡಿಸುವುದನ್ನು ನೋಡುತ್ತೇನೆ. ಬಾಯಿ ನೋಡಿಬಿಟ್ಟರೆ ಕಣ್ಣು ಆ ನಾರಿಗೇ ಅಂಟಿಕೊಂಡು, ಆಮೇಲೆ ಕಾಣುವುದೆಲ್ಲ ಅದರದ್ದೇ ತಪ್ಪು ಅನಿಸತೊಡಗುತ್ತದೆ. ಕುಡಿಸಿ ಮುಗಿದ ಮೇಲೆ ತೊಟ್ಟಿನ ಆಕಾರ ನೋಡಬೇಕು. ದುಂಡಗೆ ಹೊರಬಂದರೆ ಸರಿ. ಹೊಸ ಲಿಪ್‌ಸ್ಟಿಕ್ಕಿನ ತುದಿಯಂತೆ ಓರೆಯಾಗಿ, ಬಿಳಿಚಿಕೊಂಡು ಬಂದರೆ ಅಂಗುಳಕ್ಕೂ ನಾಲಿಗೆಗೂ ಮಧ್ಯೆ ಚಪ್ಪಟೆಯಾಗಿದೆ ಎಂದರ್ಥ. ಟಕ್ ಟಕ್ ಸದ್ದು ಒಂದನ್ನೇ ನಂಬಬೇಡಿ. ಹಾಲು ರಭಸವಾಗಿ ಬರುವ ತಾಯಂದಿರ ಕೂಸುಗಳೂ ಆ ಸದ್ದು ಮಾಡುತ್ತವೆ.

ಆಮೇಲೆ ಬಾಯಿ. ತಲೆ ನನ್ನ ತೊಡೆಯ ಮೇಲೆ, ಕಾಲು ಅಮ್ಮನ ಕಡೆ. ನಾಲಿಗೆ ಎಷ್ಟು ಕಟ್ಟಿದೆ ಎಂದು ಅಂಕ ಹಾಕುವುದಕ್ಕೆ ಬ್ರಿಸ್ಟಲ್ ಪಟ್ಟಿ ಸಾಕು. ಹೇಝಲ್‌ಬೇಕರ್ ಪಟ್ಟಿಯ ಹನ್ನೆರಡು ಅಂಶಗಳನ್ನು ಅಳುವ ಕೂಸಿನ ಎದುರು ತುಂಬಿಸಿ ಕೈಬಿಟ್ಟಿದ್ದೇನೆ. ಬ್ರಿಸ್ಟಲ್‌ನಲ್ಲಿ ನಾಲ್ಕೇ ಅಂಶ, ಒಂದೊಂದಕ್ಕೆ 0, 1 ಅಥವಾ 2. ನಾಲಿಗೆ ತುದಿ ಹೃದಯದಾಕಾರಕ್ಕೆ ಸೀಳಿದ್ದರೆ 0, ಸಣ್ಣ ಕಚ್ಚಿದ್ದರೆ 1, ದುಂಡಗಿದ್ದರೆ 2. ನಾರು ವಸಡಿನ ಮೇಲಂಚಿಗೇ ಅಂಟಿದ್ದರೆ 0, ವಸಡಿನ ಒಳಮೈಗಾದರೆ 1, ಬಾಯಿಯ ತಳಕ್ಕಾದರೆ 2. ಬಾಯಿ ಅಗಲಿಸಿ ಅಳುವಾಗ ನಾಲಿಗೆ ಏಳದಿದ್ದರೆ 0, ಅಂಚು ಮಾತ್ರ ಎದ್ದರೆ 1, ಪೂರ್ತಿ ಬಾಯಿಯ ನಡುವಿಗೆ ಬಂದರೆ 2. ಚಾಚುವಾಗ ವಸಡಿನ ಹಿಂದೆಯೇ ನಿಂತರೆ 0, ವಸಡು ದಾಟಿದರೆ 1, ಕೆಳತುಟಿ ದಾಟಿದರೆ 2. ಒಟ್ಟು 3 ಅಥವಾ ಕಡಿಮೆ ಬಂದರೆ ಗಂಭೀರ. ಇದರಲ್ಲಿ ನನಗೆ ಮುಖ್ಯ ಏಳುವುದು, ಚಾಚುವುದಲ್ಲ. ಚಾಚುವ ಕೂಸು ಚೆನ್ನಾಗಿ ಕುಡಿಯುತ್ತದೆಂದು ಮೋಸಹೋಗುವವರು ಬಹಳ.

ಚೀಪುವ ಬಗೆ ನೋಡಲು ಗ್ಲೌಸ್ ಹಾಕಿದ ಕಿರುಬೆರಳು, ಮೆತ್ತನೆ ಭಾಗ ಮೇಲ್ಮುಖವಾಗಿ, ಗಟ್ಟಿ ಅಂಗುಳ ಮುಗಿಯುವವರೆಗೆ. ನಾಲಿಗೆ ಬೆರಳನ್ನು ತೊಟ್ಟಿಲಂತೆ ಹಿಡಿದು ಮುಂದಿನಿಂದ ಹಿಂದಕ್ಕೆ ಅಲೆ ಎಬ್ಬಿಸಬೇಕು. ಮತ್ತೆ ಮತ್ತೆ ವಸಡೇ ಕಚ್ಚಿದರೆ, ಅಥವಾ ನಾಲಿಗೆ ಪಟ್ಟನೆ ಹಿಂದಕ್ಕೆ ಜಾರಿದರೆ ಬರೆದಿಟ್ಟುಕೊಳ್ಳಿ.

‘ಹಿಂದಿನ ನಾರು’ (ನಾಲಿಗೆಯ ಬುಡದಲ್ಲಿ ಅಡಗಿದೆ ಎನ್ನುವ ನಾರು) ಎಂದು ಚೀಟಿಯಲ್ಲಿ ಬರೆಸಿಕೊಂಡು ಬರುವವರ ಬಗ್ಗೆ ಒಂದು ಮಾತು. ಬೆರಳಿಟ್ಟು ಅದುಮಿದರೆ ಯಾರ ಬಾಯಲ್ಲಾದರೂ ಅಂಥದ್ದೊಂದು ಸಿಗುತ್ತದೆ. ನ್ಯೂಜಿಲೆಂಡಿನ ಮಿಲ್ಸ್ ತಂಡ 2019ರಲ್ಲಿ ಶವಛೇದನ ಮಾಡಿ ತೋರಿಸಿದ್ದು ಇದನ್ನೇ: ಅದು ಬೇರೆ ದಾರವಲ್ಲ, ಬಾಯಿ ತಳದ ಪೊರೆಯೇ ನಾಲಿಗೆ ಎತ್ತಿದಾಗ ಮಡಿಕೆಯಾಗಿ ಏಳುತ್ತದೆ. ನಾಲಿಗೆಗೆ ಸ್ಪರ್ಶ ಕೊಡುವ ನರದ ಕವಲುಗಳು ಅದರಡಿಯಲ್ಲೇ ಇವೆ. ಕಾಣದ ನಾರಿಗಾಗಿ ಆಳಕ್ಕೆ ಹೋಗುವ ಕತ್ತರಿ ನನ್ನದಲ್ಲ. ಮೇಲ್ತುಟಿಯ ನಾರು, ಕೆನ್ನೆಯ ನಾರು ಎನ್ನುವುದಕ್ಕೂ ಅದೇ ಉತ್ತರ.

ಈಗ ಐದು ದಿನದ ವಿಚಾರ. ಕೂಸಿಗೆ ಎದೆ ಹಿಡಿಸುವ ಕ್ರಮ ನಿಮಗೆಲ್ಲ ಗೊತ್ತು: ಮೂಗಿನ ನೇರಕ್ಕೆ ತೊಟ್ಟು, ಬಾಯಿ ಆಕಳಿಸುವಷ್ಟು ತೆರೆದಾಗ ಗದ್ದ ಮೊದಲು ಎದೆಗೆ. ನಮ್ಮ ಬಾಣಂತಿ ಕೋಣೆಗಳಲ್ಲಿ ಕೆಡುವುದು ಬೇರೆ ಕಡೆ. ಕಾಲು ಚಾಚಿ ಕೂತ ತಾಯಿ ಕೂಸಿನ ಮೇಲೆ ಬಾಗುತ್ತಾಳೆ, ಎದೆ ಇಳಿಬಿದ್ದು ತೊಟ್ಟಿನ ತುದಿ ಮಾತ್ರ ಬಾಯಿಗೆ ಸಿಗುತ್ತದೆ. ಬೆನ್ನಿಗೆ ಎರಡು ದಿಂಬು ಕೊಟ್ಟು ಹಿಂದಕ್ಕೊರಗಿಸಿ, ಕೂಸನ್ನು ಅವಳ ಮೇಲೆ ಕವುಚಿ ಮಲಗಿಸಿದರೆ ಅರ್ಧ ಕೇಸು ಅಲ್ಲೇ ಮುಗಿಯುತ್ತದೆ. ಎರಡನೆಯದು, ಬಿಗಿಯಾಗಿ ಸುತ್ತಿದ ಬಟ್ಟೆ. ಕೈ ಒಳಗೆ, ಗದ್ದ ಎದೆಗೆ ಅಂಟಿದ್ದರೆ ಯಾವ ನಾಲಿಗೆಯೂ ಹೊರಬರುವುದಿಲ್ಲ. ಕುಡಿಸುವಾಗ ಸುತ್ತು ಬಿಚ್ಚಿಸಿ. ಇದರ ಜೊತೆ ಕೆಳದವಡೆಗೆ ಆಸರೆ ಕೊಡುವ ಹಿಡಿತವೊಂದಿದೆ. ಬರೆದರೆ ತಪ್ಪು ಕಲಿಯುತ್ತಾರೆ, ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಸಿಸೇರಿಯನ್‌ನಲ್ಲಿ ಬಾಟಲಿಗಟ್ಟಲೆ ಡ್ರಿಪ್ ಹೋದ ತಾಯಿಯ ಎದೆ ಮೂರನೇ ದಿನ ಕಲ್ಲಿನಂತಾಗಿ ತೊಟ್ಟು ಒಳಗೆ ಹೋಗಿರುತ್ತದೆ. ಅಂಥ ಎದೆಗೆ ಕಟ್ಟಿಲ್ಲದ ನಾಲಿಗೆಯೂ ಜಾರುತ್ತದೆ. ಐದಾರು ನಿಮಿಷ ತೊಟ್ಟಿನ ಸುತ್ತ ಬೆರಳಿಂದ ಒತ್ತಿ ನೀರಂಶ ಹಿಂದೆ ಸರಿಸಿ, ಆಮೇಲೆ ಹಿಡಿಸಿ ನೋಡಿ. ತೊಟ್ಟು ಮೊದಲಿನಿಂದಲೂ ಚಪ್ಪಟೆಯಾಗಿದ್ದರೆ ಹಳೆಯ ಸಿರಿಂಜ್ ಉಪಾಯ: 10 ಮಿ.ಲೀ. ಸಿರಿಂಜಿನ ಸೂಜಿ ಕಡೆ ಕತ್ತರಿಸಿ, ಒಳಕೋಲನ್ನು ಕತ್ತರಿಸಿದ ಕಡೆಯಿಂದ ಹಾಕಿ, ನುಣುಪು ಅಂಚನ್ನು ತೊಟ್ಟಿಗಿಟ್ಟು ಅರ್ಧ-ಒಂದು ನಿಮಿಷ ಮೆಲ್ಲಗೆ ಎಳೆಯುವುದು. ಮೂವತ್ತೈದು-ಮೂವತ್ತಾರು ವಾರಕ್ಕೆ ಹುಟ್ಟಿದ, ಕುಡಿಯುತ್ತಲೇ ನಿದ್ದೆಗೆ ಜಾರುವ ಕೂಸುಗಳಿಗೂ ನಾರಿನ ಹಣೆಪಟ್ಟಿ ಸುಲಭವಾಗಿ ಬೀಳುತ್ತದೆ. ಅವಕ್ಕೆ ಬೇಕಾದ್ದು ಇನ್ನೊಂದೆರಡು ವಾರದ ವಯಸ್ಸು ಮತ್ತು ಒಳಲೆ.

ಐದೂ ದಿನ ತಾಯಿ ಕುಡಿಸಿದ ಮೇಲೆ ದಿನಕ್ಕೆ ನಾಲ್ಕೈದು ಸಲ ಹಾಲು ಹಿಂಡಿ ಒಳಲೆಯಲ್ಲಿ ಕೊಡಬೇಕು. ನನ್ನ ವಿಧಾನ ಮೊದಲ ವರ್ಷ ಸೋತದ್ದು ಇಲ್ಲೇ. ಹಿಂಡಲು ಹೇಳದೆ ಕಾಯಿಸಿದ್ದರಿಂದ, ನಾರು ಬಿಡಿಸುವ ಹೊತ್ತಿಗೆ ಹಾಲೇ ಇಳಿದಿತ್ತು. ಕತ್ತರಿ ಸರಿಯಾಗಿ ಆಡಿತು, ಕುಡಿಯಲು ಹಾಲಿರಲಿಲ್ಲ. ಅದನ್ನು ನೋಡಿದವರು ‘ಕಾಯೋ ಡಾಕ್ಟರು’ ಎಂದು ಹೆಸರಿಟ್ಟದ್ದರಲ್ಲಿ ತಪ್ಪೇನಿರಲಿಲ್ಲ.

ತೂಕಕ್ಕೆ 5 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಎರಡು-ಮೂರು ಸಾವಿರದ ತಕ್ಕಡಿ 10 ಗ್ರಾಂ ಎಂದು ಬರೆದುಕೊಂಡು 20-30 ಗ್ರಾಂ ಆಟವಾಡುತ್ತದೆ. ಅಂಥವು ಎರಡು ಕೊಂಡು ಎಸೆದ ಮೇಲೆ ಏಳೆಂಟು ಸಾವಿರದ್ದು ತಂದೆ. ಒಂದೇ ಸಲ ತಂದಿದ್ದರೆ ದುಡ್ಡು ಉಳಿಯುತ್ತಿತ್ತು. ದಿನವೂ ಬೆಳಿಗ್ಗೆ ಒಂದು ಲೀಟರ್ ನೀರಿನ ಬಾಟಲಿ ಇಟ್ಟು ಪರೀಕ್ಷಿಸುತ್ತೇವೆ. ಎಷ್ಟು ಹಾಲು ಕುಡಿಯಿತೆಂದು ತಿಳಿಯಲು ಕುಡಿಯುವ ಮುಂಚೆ, ಕುಡಿದ ಮೇಲೆ ತೂಗುವಾಗ ಅದೇ ಬಟ್ಟೆ, ಅದೇ ಲಂಗೋಟಿ. ನಡುವೆ ಒದ್ದೆಯಾದರೂ ಬದಲಿಸಬಾರದು. 3 ಕಿಲೋ ಕೂಸಿಗೆ ದಿನಕ್ಕೆ ಕಿಲೋಗೆ 150 ಮಿ.ಲೀ. ಲೆಕ್ಕದಲ್ಲಿ 450, ಎಂಟು ಸಲಕ್ಕೆ ಹಂಚಿದರೆ ಸುಮಾರು 55. ಒಂದು ಸಲದ ಅಳತೆಗೆ ಬೆಲೆಯಿಲ್ಲ, ಮೂರರ ಸರಾಸರಿ ತೆಗೆಯಿರಿ. ಎಣ್ಣೆ ಹಚ್ಚಿ ನೀರೆರೆದ ಮೇಲಿನ ಹೊತ್ತನ್ನು ಬಿಟ್ಟುಬಿಡಿ, ಆಗ ಕೂಸು ಮೂರು ಗಂಟೆ ಏಳುವುದಿಲ್ಲ.

ದಿನದ ಏರಿಕೆಗೆ ಬರಿಮೈ ತೂಕ. ಬರಿಮೈ ಅಂದರೆ ಕಾಲ್ಗಡಗವೂ ಇಲ್ಲದೆ. ಹೆಸರಿಡುವ ಶಾಸ್ತ್ರ ಮುಗಿಸಿ ಬಂದ ಕೂಸು ನಾಲ್ಕೇ ದಿನಕ್ಕೆ 120 ಗ್ರಾಂ ಏರಿದ್ದು ಕಂಡು ಎಲ್ಲರೂ ಹಿಗ್ಗಿದ್ದುಂಟು. ಸೋದರಮಾವ ಹಾಕಿದ ಬೆಳ್ಳಿಯನ್ನು ಬಿಚ್ಚಿ ತೂಗಿದರೆ ಏರಿದ್ದು ಅರ್ಧವೂ ಇಲ್ಲ. ಈಗ ಉಡಿದಾರ ಬಿಟ್ಟು ಎಲ್ಲ ಬಿಚ್ಚಿಸುತ್ತೇವೆ. ಅಜ್ಜಿಯರು ಗೊಣಗುತ್ತಾರೆ. ಅವರನ್ನು ಒಪ್ಪಿಸುವ ಒಂದು ಮಾತು ನನ್ನ ಬಳಿ ಇದೆ, ಅದನ್ನು ಬರೆಯುವುದಿಲ್ಲ.

ಐದನೇ ದಿನದ ತೀರ್ಮಾನ ಹೀಗೆ. ಏರಿಕೆ ದಿನಕ್ಕೆ 20 ಗ್ರಾಂಗಿಂತ ಕಡಿಮೆ, ಅಥವಾ ಹಿಡಿದ ಅರ್ಧ ನಿಮಿಷದ ನಂತರವೂ ನೋವು ಹತ್ತರಲ್ಲಿ ಐದಕ್ಕಿಂತ ಹೆಚ್ಚು, ತೊಟ್ಟು ಇನ್ನೂ ಓರೆ. ಇದರ ಜೊತೆ ಅಂಕ 3 ಅಥವಾ ಕಡಿಮೆ ಇದ್ದರೆ ಕತ್ತರಿ. ಅಂಕ 4-5 ಇದ್ದು ನಾಲಿಗೆ ಏಳುವುದಕ್ಕೆ 0 ಬಂದಿದ್ದರೆ ತಂದೆತಾಯಿ ಜೊತೆ ಕೂತು ಮಾತಾಡಿ ಕತ್ತರಿ. 6 ಮತ್ತು ಮೇಲಾದರೆ ತೊಂದರೆ ಎಷ್ಟೇ ಇರಲಿ, ಕಾರಣ ಬೇರೆ ಕಡೆ ಹುಡುಕಿ. ಅಂಕ 2 ಇದ್ದೂ ಕೂಸು ದಿನಕ್ಕೆ 30 ಗ್ರಾಂ ಏರುತ್ತ, ತಾಯಿಗೆ ನೋವಿಲ್ಲದಿದ್ದರೆ ಬಾಯಿ ಮುಟ್ಟುವುದಿಲ್ಲ. ಬೇಜಾರು ಮಾಡಿಕೊಂಡು ಬೇರೆಡೆ ಹೋಗಿ ಮಾಡಿಸಿಕೊಂಡವರಿದ್ದಾರೆ, ಇರಲಿ.

ಐದು ದಿನ ಕಾಯಬಾರದ ಕೇಸೂ ಇದೆ. ತುದಿಯವರೆಗೆ ಬಿಗಿದ ನಾರು, ತೊಟ್ಟು ಒಡೆದು ರಕ್ತ, ಹುಟ್ಟಿದ ತೂಕದಲ್ಲಿ ಶೇ. 10ಕ್ಕಿಂತ ಹೆಚ್ಚು ಇಳಿತ. ಮೊದಲು ಹಿಂಡಿದ ಹಾಲಲ್ಲಿ ಹೊಟ್ಟೆ ತುಂಬಿಸಿ, ಅದೇ ದಿನ ಮಾಡಿ. ಹಸಿದು ಸುಸ್ತಾದ ಕೂಸಿನ ನಾರು ಬಿಡಿಸಿದರೂ ಅದು ಎದೆ ಹಿಡಿಯುವುದಿಲ್ಲ, ಅಪವಾದ ಕತ್ತರಿಯ ಮೇಲೆ ಬರುತ್ತದೆ.

ಕತ್ತರಿಯ ಕೆಲಸ ಚಿಕ್ಕದು. ಹುಟ್ಟಿದಾಗ ವಿಟಮಿನ್ ಕೆ ಸೂಜಿ ಬಿದ್ದಿದೆಯೇ ಎಂಬುದನ್ನು ಬಾಯಿಮಾತಲ್ಲ, ಡಿಸ್ಚಾರ್ಜ್ ಹಾಳೆಯಲ್ಲಿ ನೋಡಿ. ಮನೆತನದಲ್ಲಿ ರಕ್ತ ನಿಲ್ಲದ ಕಾಯಿಲೆ ಕೇಳಿ. ಕೆಳದವಡೆ ತೀರಾ ಹಿಂದಿರುವ ಕೂಸನ್ನು ಮುಟ್ಟಲೇಬೇಡಿ, ಸಡಿಲಾದ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿಗೆ ಅಡ್ಡವಾಗಬಹುದು. ನೋವು ತಗ್ಗಿಸುವ ಸಕ್ಕರೆ ದ್ರವವಾಗಿ 24% ಸುಕ್ರೋಸ್ ಸಿಗದಿದ್ದರೆ 25% ಡೆಕ್ಸ್ಟ್ರೋಸ್ 1 ಮಿ.ಲೀ. ನಾಲಿಗೆ ಮೇಲೆ, ಎರಡು ನಿಮಿಷ ಮುಂಚೆ. ನಾಲಿಗೆ ಎತ್ತುವ ಲೋಹದ ಉಪಕರಣವಾದ ಗ್ರೂವ್ಡ್ ಡೈರೆಕ್ಟರಿನ ಸೀಳಿನಲ್ಲಿ ನಾರು ಕೂರಿಸಿ ನಾಲಿಗೆ ಎತ್ತಿ, ಮೊಂಡುತುದಿಯ ಐರಿಸ್ ಕತ್ತರಿಯಿಂದ ತೆಳ್ಳಗೆ ಕಾಣುವ ಬಿಳಿ ಪೊರೆಯಷ್ಟನ್ನೇ 3-5 ಮಿ.ಮೀ. ಕತ್ತರಿಸಿ. ಕೆಳಗೆ ಜೊಲ್ಲುನಾಳದ ಎರಡು ಬಾಯಿಗಳು, ಮೇಲೆ ನೀಲಿ ರಕ್ತನಾಳ, ಎರಡನ್ನೂ ಕಣ್ಣಲ್ಲಿ ಗುರುತಿಸಿದ ಮೇಲೆಯೇ ಕತ್ತರಿ ಮುಚ್ಚಿ. ದಪ್ಪ, ಮಾಂಸದಂಥ ನಾರಾದರೆ ಇಎನ್‌ಟಿಯವರಿಗೆ. ತಾಯಿ ಪಕ್ಕದಲ್ಲೇ ಎದೆ ತೆರೆದು ಕೂತಿರಬೇಕು, ರಕ್ತ ನಿಲ್ಲಿಸಲು ಗಾಜ್ ಬಟ್ಟೆಯ ಜೊತೆ ಹಾಲು ಕುಡಿಸುವುದೇ ಒಳ್ಳೆಯ ಒತ್ತಡ. ಅರ್ಧ ಗಂಟೆ ಬಿಟ್ಟು ಮತ್ತೆ ಬಾಯಿ ನೋಡಿ ಕಳಿಸಿ. ಮೂರನೇ ದಿನ ಅಲ್ಲಿ ಬಿಳಿ-ಹಳದಿ ಕಲೆ ಕಂಡು ‘ಕೀವು’ ಎಂದು ಓಡಿಬರುತ್ತಾರೆ, ಮೊದಲೇ ಹೇಳಿಡಿ. ಬಜೆ ತೇಯ್ದು ನಾಲಿಗೆಗೆ ತಿಕ್ಕುವುದು, ಜೇನು ನೆಕ್ಕಿಸುವುದು ಬೇಡ. ಗಾಯ ಇಲ್ಲದಾಗಲೂ ಬೇಡ.

ದುಡ್ಡು: ನಮ್ಮ ಕಡೆ ಕತ್ತರಿಯಲ್ಲಾದರೆ ಒಂದೂವರೆ-ಎರಡು ಸಾವಿರ, ಊರು ದೊಡ್ಡದಾಗಿ ಲೇಸರ್ ಬಂದರೆ ಹದಿನೈದು-ಇಪ್ಪತ್ತು ಸಾವಿರ. ಲೇಸರ್ ಕತ್ತರಿಗಿಂತ ಮೇಲು ಎನ್ನಲು ಸಾಕ್ಷಿಯಿಲ್ಲ. ನನ್ನ ಐದು ದಿನಕ್ಕೆ ಮೂರು ಭೇಟಿಯ ಫೀಸು, ಒಂದು ಒಳಲೆ, ಅಷ್ಟೇ. ಕತ್ತರಿ ಆಡಿಸದೆ ಕಳಿಸಿದ್ದರಿಂದ ನನ್ನ ಜೇಬಿಗೆ ನಷ್ಟ, ಆದರೆ ಅದೇ ಮನೆಯ ಎರಡನೇ ಬಾಣಂತಿ ಬರುತ್ತಾಳೆ.

ನಡುವೆ ಮಾಡಿ ಕೈಸುಟ್ಟುಕೊಂಡ ಪ್ರಯೋಗಗಳೂ ಇವೆ. ಲಿಗ್ನೊಕೇನ್ ಜೆಲ್ ಹಚ್ಚಿದೆ: ನೋವೇನೋ ಕಡಿಮೆ, ನಾಲಿಗೆ ಮರಗಟ್ಟಿ ಕೂಸು ಕುಡಿಯಲೇ ಇಲ್ಲ, ರಕ್ತಕ್ಕೂ ಒತ್ತಡ ಸಿಗಲಿಲ್ಲ. ಬಿಟ್ಟೆ. ತೊಟ್ಟಿನ ಮೇಲಿಡುವ ನಿಪ್ಪಲ್ ಶೀಲ್ಡ್ ಕೊಟ್ಟೆ: ನೋವು ನಿಂತಿತು, ನಾಲ್ಕು ದಿನ ನೆಮ್ಮದಿ, ತೂಕ ನಿಂತೇ ಹೋಯಿತು. ಅದನ್ನು ತೂಗುವ ದಿನಗಳಲ್ಲಿ ಮಾತ್ರ ಕೊಡುತ್ತೇನೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಗದ್ದದ ಚಲನೆ ಹಿಡಿದು ನುಂಗುವುದನ್ನು ಎಣಿಸಿದ್ದು ಮಾತ್ರ ಚಿನ್ನದಂಥ ಉಪಾಯ. ಗದ್ದ ಕೆಳಗೆ ಹೋಗಿ ಒಂದು ಕ್ಷಣ ನಿಂತರೆ ನುಂಗಿದೆ ಎಂದು ತಾಯಿಗೇ ತೋರಿಸಬಹುದು. ಗಾಯ ಮತ್ತೆ ಅಂಟದಿರಲೆಂದು ದಿನಕ್ಕೆ ಐದಾರು ಸಲ ಬೆರಳಿಂದ ಎಳೆಯುವ ವ್ಯಾಯಾಮವನ್ನೂ ಒಂದು ವರ್ಷ ಹೇಳಿದೆ. ಬೆರಳು ಕಂಡರೆ ಬಾಯಿ ಮುಚ್ಚುವ ಕೂಸುಗಳು ಹೆಚ್ಚಾದವು, ಅಂಟುವುದೇನೂ ಕಡಿಮೆಯಾಗಲಿಲ್ಲ. ಅಕಾಡೆಮಿಯ ವರದಿಯೂ ಅದನ್ನು ಬೇಡ ಎನ್ನುತ್ತದೆ.

ಮಾತಿನ ಬಗ್ಗೆ ಅಜ್ಜಿಯರು ಕೇಳಿಯೇ ಕೇಳುತ್ತಾರೆ. ನಾರಿನಿಂದ ಮಾತು ತಡವಾಗುವುದಿಲ್ಲ. ತುದಿ ಮೇಲೆತ್ತಬೇಕಾದ ರ, ಲ, ಳ, ಣ ಕೆಲವರಿಗೆ ತೊಡಕಾಗಬಹುದು, ಅದಕ್ಕೆಂದು ಹತ್ತು ದಿನದ ಕೂಸಿಗೆ ಮುಂಗಡವಾಗಿ ಕತ್ತರಿ ಹಾಕುವುದಿಲ್ಲ. ನಾಲ್ಕೈದು ವರ್ಷಕ್ಕೂ ‘ಅಳಿಲು’ ಹೊರಡದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ.

ಬಿಡಿಸಿದ ಮೇಲೂ ಎರಡನೇ ದಿನ, ಏಳನೇ ದಿನ ಅದೇ ತಕ್ಕಡಿ, ಅದೇ ಹಾಳೆ. ತಾಯಿಯ ನೋವು ಅದೇ ದಿನವಲ್ಲದಿದ್ದರೆ ನಾಲ್ಕೈದು ದಿನದಲ್ಲಿ ಇಳಿಯುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಕಾಕ್ರೇನ್ ಪರಿಶೀಲನೆಯಲ್ಲಿ ಗಟ್ಟಿಯಾಗಿ ಕಂಡ ಲಾಭವೂ ನೋವಿನದ್ದೇ. ಏಳನೇ ದಿನಕ್ಕೂ ಏನೂ ಬದಲಾಗದಿದ್ದರೆ ಮತ್ತೊಮ್ಮೆ ಕತ್ತರಿಸಲು ಹೋಗದೆ, ತಾಯಿಯ ಥೈರಾಯ್ಡ್, ರಕ್ತದ ಪ್ರಮಾಣ, ಹೆರಿಗೆಯಲ್ಲಿ ಹೋದ ರಕ್ತ, ಗರ್ಭಚೀಲದಲ್ಲಿ ಉಳಿದ ಮಾಸಿನ ಚೂರು, ಇವನ್ನು ಆ ಕ್ರಮದಲ್ಲೇ ನೋಡುತ್ತೇನೆ.